ಲಕ್ಷ್ಮೀಕಾಂತನ್ ಕೊಲೆ ಮೊಕದ್ದಮೆ ಮತ್ತು ಓದುಗರೆಂಬ ನಾವು

“ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು” ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ಪರೀಕ್ಷೆಯಲ್ಲಿ ಕೇಳುವುದು ನಮ್ಮ ಹೈಸ್ಕೂಲುಗಳ ಹಳೆಯ ಪರಿಪಾಠ. ನಾನು ಸಮಾಜ ವಿಜ್ಞಾನದ ಮೇಷ್ಟ್ರಾಗಿದ್ದರೂ, ಕನ್ನಡ ಪಂಡಿತರು ರಜೆಯಲ್ಲಿದ್ದಾಗ ಎಷ್ಟೋ ಸಲ ಆ ಉತ್ತರಪತ್ರಿಕೆಗಳನ್ನು ತಿದ್ದಿದ್ದುಂಟು. ಹತ್ತರಲ್ಲಿ ಒಂಬತ್ತು ಮಕ್ಕಳು ಮುಂಗುಸಿಯ ಕಥೆಯನ್ನೇ ಬರೆದಿರುತ್ತಿದ್ದರು. ನೀರು ತರಲು ಹೋಗಿದ್ದ ತಾಯಿ ಹಿಂತಿರುಗಿ ಬಂದಾಗ ಸಾಕಿದ ಮುಂಗುಸಿ ಬಾಯೆಲ್ಲ ರಕ್ತವಾಗಿ ಬಾಗಿಲಲ್ಲಿ ನಿಂತಿರುತ್ತದೆ. ಮಗುವನ್ನು ಕೊಂದಿತೆಂದು ಬಗೆದು ಆಕೆ ಕೊಡವನ್ನು ಅದರ ಮೇಲೆ ಎತ್ತಿಹಾಕುತ್ತಾಳೆ. ಒಳಗೆ ಹೋಗಿ ನೋಡಿದರೆ ತೊಟ್ಟಿಲಲ್ಲಿ ಮಗು ನಗುತ್ತಿರುತ್ತದೆ, ಪಕ್ಕದಲ್ಲಿ ಹಾವು ಸತ್ತು ಬಿದ್ದಿರುತ್ತದೆ.

ಈ ಕಥೆಯನ್ನು ನೂರಾರು ಸಲ ಓದಿದ ಮೇಲೆ ನನಗೊಂದು ವಿಚಾರ ಹೊಳೆಯಿತು. ತಾಯಿಯ ಕಣ್ಣು ಸುಳ್ಳು ಹೇಳಿರಲಿಲ್ಲ. ರಕ್ತವಿದ್ದದ್ದು ನಿಜ. ಆದರೆ ಕಾಡುಪ್ರಾಣಿಯನ್ನು ಎಷ್ಟು ಸಾಕಿದರೂ ನಂಬಬಾರದೆಂಬ ಮಾತು ಅವಳ ಮನಸ್ಸಿನಲ್ಲಿ ಮೊದಲೇ ಮನೆಮಾಡಿಕೊಂಡಿತ್ತು. ಕಣ್ಣಿಗೆ ಬಿದ್ದ ರಕ್ತ ಆ ಮಾತಿಗೆ ಸಾಕ್ಷಿಯಾಯಿತು, ಅಷ್ಟೆ.

ಪ್ರಸಿದ್ಧರ ಖಾಸಗಿ ಬದುಕನ್ನು ಕುರಿತ ಗಾಳಿಸುದ್ದಿಯ ಪತ್ರಿಕೆಗಳು ಮಾಡುವ ಕೆಲಸವೂ ಇದೇ ಎಂದು ನನಗೆ ತೋರುತ್ತದೆ. ಅವು ನಮಗೆ ಸುದ್ದಿ ಕೊಡುತ್ತವೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅವು ನಾಳೆ ಬರಲಿರುವ ಸುದ್ದಿಯನ್ನು ನಾವು ಹೇಗೆ ಅರ್ಥಮಾಡಿಕೊಳ್ಳಬೇಕೆಂಬುದನ್ನು ಇಂದೇ ಕಲಿಸಿಟ್ಟಿರುತ್ತವೆ. ಇದನ್ನು ವಿವರಿಸಲು ಎಂಟು ದಶಕಗಳ ಹಿಂದೆ ಮದ್ರಾಸಿನಲ್ಲಿ ನಡೆದ ಒಂದು ಮೊಕದ್ದಮೆಯನ್ನು ಆರಿಸಿಕೊಂಡಿದ್ದೇನೆ. ಆಗ ಮಂಗಳೂರು, ಬಳ್ಳಾರಿಗಳ ಕಡೆಯ ಕನ್ನಡಿಗರೂ ಮದ್ರಾಸ್ ಪ್ರಾಂತ್ಯದ ಪ್ರಜೆಗಳೇ ಆಗಿದ್ದರು. ಅವರಿಗೂ ಹೈಕೋರ್ಟೆಂದರೆ ಮದ್ರಾಸಿನದೇ. ಆದ್ದರಿಂದ ಈ ಕಥೆ ನಮಗೆ ತೀರ ಹೊರಗಿನದಲ್ಲ.

ಎಂ.ಕೆ. ತ್ಯಾಗರಾಜ ಭಾಗವತರ್ ತಮಿಳು ಚಿತ್ರರಂಗದ ಮೊದಲ ಮಹಾತಾರೆ. 1910ರಲ್ಲಿ ಅಕ್ಕಸಾಲಿಗ ಮನೆತನದಲ್ಲಿ ಹುಟ್ಟಿದ ಅವರು ನಾಟಕರಂಗದಿಂದ ಬಂದವರು. 1934ರ ‘ಪವಳಕ್ಕೊಡಿ’ ಅವರ ಮೊದಲ ಚಿತ್ರ. 1937ರಲ್ಲಿ ‘ಚಿಂತಾಮಣಿ’, ‘ಅಂಬಿಕಾಪತಿ’, 1941ರಲ್ಲಿ ‘ಅಶೋಕ್ ಕುಮಾರ್’, 1943ರಲ್ಲಿ ‘ಶಿವಕವಿ’ ಹೀಗೆ ಒಂದರ ಹಿಂದೊಂದು ಗೆಲುವು. ಅವರ ಕಂಠಕ್ಕೂ ಉದ್ದಗೂದಲಿಗೂ ಮನಸೋಲದವರು ಆ ಸೀಮೆಯಲ್ಲಿ ವಿರಳ. ಅವರೊಂದಿಗೆ ಅನೇಕ ಚಿತ್ರಗಳಲ್ಲಿ ಹಾಸ್ಯಪಾತ್ರ ವಹಿಸಿದವರು ‘ಕಲೈವಾಣರ್’ ಎಂದು ಜನ ಪ್ರೀತಿಯಿಂದ ಕರೆಯುತ್ತಿದ್ದ ಎನ್.ಎಸ್. ಕೃಷ್ಣನ್. ಪತ್ನಿ ಟಿ.ಎ. ಮಧುರಂ ಅವರ ಜೊತೆಗೂಡಿ ಅವರು ನಗಿಸುತ್ತಲೇ ಜನರ ಮೂಢನಂಬಿಕೆಗಳನ್ನು ಚುಚ್ಚುತ್ತಿದ್ದರು. ‘ಶಿವಕವಿ’ಯನ್ನು ತಯಾರಿಸಿದ ಕೊಯಮತ್ತೂರಿನ ಪಕ್ಷಿರಾಜ ಸಂಸ್ಥೆಯ ಎಸ್.ಎಂ. ಶ್ರೀರಾಮುಲು ನಾಯ್ಡು ಈ ಕಥೆಯ ಮೂರನೆಯವರು. ಮುಂದೆ ಬೆಂಗಳೂರಿಗೆ ಬಂದು ಚಾಮುಂಡೇಶ್ವರಿ ಸ್ಟುಡಿಯೋ ಕಟ್ಟಿದವರು ಇವರೇ.

ಇನ್ನು ನಾಲ್ಕನೆಯವನು ಸಿ.ಎನ್. ಲಕ್ಷ್ಮೀಕಾಂತನ್. ಫೋರ್ಜರಿ ಅಪರಾಧಕ್ಕಾಗಿ ಸೆರೆಮನೆ ಕಂಡು, ಅಂಡಮಾನಿಗೂ ಹೋಗಿ ಬಂದವನು. 1943ರಲ್ಲಿ ಅವನು ‘ಸಿನಿಮಾ ತೂದು’ ಎಂಬ ವಾರಪತ್ರಿಕೆ ಆರಂಭಿಸಿದ. ತೂದು ಎಂದರೆ ದೂತನ ಮೂಲಕ ಕಳುಹಿಸುವ ಸಂದೇಶ. ನಟನಟಿಯರ ಖಾಸಗಿ ಬದುಕು, ಸ್ಟುಡಿಯೋ ಮಾಲೀಕರ ಗುಟ್ಟುಗಳು ಇವೇ ಅದರ ಸರಕು. ಬರೆಯದಿರುವುದಕ್ಕಾಗಿ ಅವನು ಹಣ ಪಡೆಯುತ್ತಿದ್ದನೆಂಬ ಆರೋಪವೂ ಪ್ರಬಲವಾಗಿತ್ತು. ಪತ್ರಿಕೆ ಬಿಸಿಬಿಸಿಯಾಗಿ ಮಾರಾಟವಾಯಿತು.

ಇಲ್ಲಿ ಒಂದು ಕ್ಷಣ ನಿಂತು ಆಲೋಚಿಸಬೇಕು. ಅದು ಎರಡನೆಯ ಮಹಾಯುದ್ಧದ ಕಾಲ. ಕಾಗದಕ್ಕೆ ಅಭಾವ, ಪತ್ರಿಕೆ ನಡೆಸಲು ಸರ್ಕಾರದ ಪರವಾನಗಿ ಬೇಕಿತ್ತು. ಅಕ್ಕಿಗೂ ಸೀಮೆಎಣ್ಣೆಗೂ ಪರದಾಡುತ್ತಿದ್ದ ಜನರೇ ಅಂಥ ದಿನಗಳಲ್ಲಿ ಕಾಸು ಕೊಟ್ಟು ಆ ಪತ್ರಿಕೆಯನ್ನು ಕೊಂಡರು. ಲಕ್ಷ್ಮೀಕಾಂತನ್ ಒಬ್ಬನೇ ಅದನ್ನು ಬರೆದಿರಬಹುದು. ಆದರೆ ವಾರವಾರವೂ ಅದನ್ನು ಬದುಕಿಸಿದವರು ಅದೇ ಭಾಗವತರ ಹಾಡಿಗೆ ಟಿಕೆಟ್ ಕೊಂಡು ತಲೆದೂಗುತ್ತಿದ್ದ ಜನರೇ. ಬೆಳ್ಳಿತೆರೆಯ ಮೇಲೆ ಶಿವಭಕ್ತನನ್ನು ಕಂಡು ಕೈಮುಗಿದವರಿಗೆ, ಆ ಭಕ್ತನ ಹಿಂದೆ ತಮ್ಮಂಥದೇ ಅಥವಾ ತಮಗಿಂತ ಕೀಳಾದ ಮನುಷ್ಯನೊಬ್ಬನಿದ್ದಾನೆಂದು ತಿಳಿಯುವುದರಲ್ಲಿ ಒಂದು ಬಗೆಯ ಸಮಾಧಾನ. ಎತ್ತರದಲ್ಲಿ ಕೂರಿಸಿದವರನ್ನು ಕೆಳಗೆಳೆಯುವ ಆಸೆ ಕೂರಿಸುವ ಆಸೆಯ ಬೆನ್ನಿಗೇ ಹುಟ್ಟುತ್ತದೆ.

1944ರಲ್ಲಿ ಭಾಗವತರ್, ಕೃಷ್ಣನ್ ಮತ್ತು ಶ್ರೀರಾಮುಲು ನಾಯ್ಡು ಒಟ್ಟಾಗಿ ಮದ್ರಾಸಿನ ಗವರ್ನರ್ ಆರ್ಥರ್ ಹೋಪ್ ಅವರಿಗೆ ಮನವಿ ಸಲ್ಲಿಸಿದರು. ಪತ್ರಿಕೆಯ ಪರವಾನಗಿ ರದ್ದಾಯಿತು. ಲಕ್ಷ್ಮೀಕಾಂತನ್ ಸುಮ್ಮನಾಗಲಿಲ್ಲ. ‘ಹಿಂದು ನೇಸನ್’ ಎಂಬ ಇನ್ನೊಂದು ಪತ್ರಿಕೆಯ ಮೂಲಕ ಅದೇ ಬರವಣಿಗೆಯನ್ನು ಮುಂದುವರಿಸಿದ. ಆ ವರ್ಷದ ನವೆಂಬರ್ 8ರಂದು ವೇಪೇರಿಯಲ್ಲಿ ತನ್ನ ವಕೀಲರನ್ನು ಕಂಡು, ಕೈಯಿಂದ ಎಳೆಯುವ ರಿಕ್ಷಾದಲ್ಲಿ ಹಿಂತಿರುಗುತ್ತಿದ್ದಾಗ ಅವನನ್ನು ಯಾರೋ ಚೂರಿಯಿಂದ ಇರಿದರು. ಗಾಯಗೊಂಡರೂ ಪ್ರಜ್ಞೆ ತಪ್ಪದೆ ಅವನು ಜನರಲ್ ಆಸ್ಪತ್ರೆ ಸೇರಿದ. ಮರುದಿನ ಬೆಳಗಿನ ಜಾವ ತೀರಿಕೊಂಡ.

ಡಿಸೆಂಬರ್ ಮುಗಿಯುವುದರೊಳಗೆ ಭಾಗವತರ್ ಮತ್ತು ಕೃಷ್ಣನ್ ಬಂಧಿತರಾದರು. ನಾಯ್ಡು ಅವರ ಮೇಲೂ ಒಳಸಂಚಿನ ಆರೋಪ ಬಂತು. ಮದ್ರಾಸ್ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಮಾಕೆಟ್ ಅವರ ಮುಂದೆ, ಜ್ಯೂರಿಯೊಂದಿಗೆ ವಿಚಾರಣೆ ನಡೆಯಿತು. ಜ್ಯೂರಿಯೆಂದರೆ ಕಾನೂನು ಓದದ ಸಾಮಾನ್ಯ ನಾಗರಿಕರ ಸಮಿತಿ. ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂಬುದನ್ನು ಹೇಳುವವರು ಅವರು. ನಾಯ್ಡು ಬಿಡುಗಡೆಯಾದರು. ಭಾಗವತರ್ ಮತ್ತು ಕೃಷ್ಣನ್ ಅವರನ್ನು ಜ್ಯೂರಿ ಆರಕ್ಕೆ ಮೂರರ ಬಹುಮತದಿಂದ ತಪ್ಪಿತಸ್ಥರೆಂದಿತು. 1945ರ ಮೇ ತಿಂಗಳಲ್ಲಿ ಇಬ್ಬರಿಗೂ ಜೀವಾವಧಿ ಕರಿನೀರಿನ ಶಿಕ್ಷೆಯಾಯಿತು.

ಈ ಮೊಕದ್ದಮೆಯಲ್ಲಿ ಕೊಲೆಗೆ ಹೇಳಲಾದ ಕಾರಣವೇನು? ಲಕ್ಷ್ಮೀಕಾಂತನ್ ಬರೆಯುತ್ತಿದ್ದ ಗಾಳಿಸುದ್ದಿಯೇ. ಗವರ್ನರಿಗೆ ಕೊಟ್ಟ ಮನವಿ, ಅಂದರೆ ಅವರು ಕಾನೂನಿನ ಮಾರ್ಗದಲ್ಲಿ ನಡೆದರೆಂಬುದಕ್ಕೆ ಇದ್ದ ದಾಖಲೆ, ಅವರ ದ್ವೇಷಕ್ಕೆ ಪುರಾವೆಯಾಗಿ ತಿರುಗಿತು. ಆ ಒಂಬತ್ತು ಮಂದಿಯ ಮನಸ್ಸಿನಲ್ಲಿ ಏನಿತ್ತೆಂದು ನಾನು ಹೇಳಲಾರೆ. ಅವರು ಕೇಳಿದ ಸಾಕ್ಷ್ಯವನ್ನು ಪ್ರಾಮಾಣಿಕವಾಗಿಯೇ ತೂಗಿರಬಹುದು. ಆದರೆ ಅವರು ಮದ್ರಾಸಿನ ನಿವಾಸಿಗಳು. ಚಿತ್ರರಂಗದವರೆಂದರೆ ಇಂಥವರು, ಹಣವಿದ್ದರೆ ಏನನ್ನೂ ಮಾಡಿಸಬಲ್ಲವರು ಎಂಬ ಮಾತು ಒಂದೂವರೆ ವರ್ಷದಿಂದ ಊರಿನಲ್ಲಿ ಸುತ್ತುತ್ತಿತ್ತು. ಬಾಗಿಲಲ್ಲಿ ನಿಂತ ಮುಂಗುಸಿಯನ್ನು ಕಾಣುವ ಮೊದಲೇ ಕೇಳಿಸಿಕೊಂಡಿದ್ದ ಮಾತದು.

ಇದಕ್ಕಿಂತ ವಿಚಿತ್ರವಾದ ಸಂಗತಿಯೊಂದಿದೆ. ಭಾಗವತರ ‘ಹರಿದಾಸ್’ ಚಿತ್ರ 1944ರ ಅಕ್ಟೋಬರಿನಲ್ಲಿ, ಕೊಲೆಗೆ ಮೂರು ವಾರ ಮೊದಲು, ದೀಪಾವಳಿಗೆ ಬಿಡುಗಡೆಯಾಗಿತ್ತು. ಹೆಂಡತಿಯನ್ನೂ ತಂದೆತಾಯಿಗಳನ್ನೂ ಕಡೆಗಣಿಸಿ ವೇಶ್ಯಾಸಂಗದಲ್ಲಿ ಮುಳುಗಿದ್ದವನೊಬ್ಬ ಪಶ್ಚಾತ್ತಾಪಪಟ್ಟು ಹರಿಭಕ್ತನಾಗುವ ಕಥೆ ಅದು. ನಾಯಕ ಸೆರೆಮನೆಯಲ್ಲಿದ್ದಾಗಲೂ ಆ ಚಿತ್ರ ಮದ್ರಾಸಿನ ಬ್ರಾಡ್‌ವೇ ಚಿತ್ರಮಂದಿರದಲ್ಲಿ ಓಡುತ್ತಲೇ ಇತ್ತು. ಅದು ಒಂದೇ ಮಂದಿರದಲ್ಲಿ ಮೂರು ದೀಪಾವಳಿಗಳನ್ನು ಕಂಡಿತೆಂಬುದು ಇಂದಿಗೂ ದಂತಕಥೆಯಂತಿದೆ. ಬೆಳಿಗ್ಗೆ ಪತ್ರಿಕೆಯಲ್ಲಿ ಮೊಕದ್ದಮೆಯ ವರದಿ ಓದಿ ತಲೆಯಾಡಿಸಿದವರು ಸಂಜೆ ಅದೇ ಮನುಷ್ಯನ ಹಾಡು ಕೇಳಿ ಕಣ್ಣೊರೆಸಿಕೊಂಡಿರಬೇಕು. ತೆರೆಯ ಮೇಲಿನ ಪಾಪಿಯನ್ನು ಒಂದೇ ಆಟದಲ್ಲಿ ಕ್ಷಮಿಸಿದರು. ನಿಜವಾದ ಮನುಷ್ಯನ ವಿಷಯದಲ್ಲಿ ಅಷ್ಟು ಉದಾರರಾಗಲಿಲ್ಲ.

ಹೈಕೋರ್ಟಿನ ಮೇಲ್ಮನವಿ 1945ರಲ್ಲೇ ತಿರಸ್ಕೃತವಾಯಿತು. ಮೊಕದ್ದಮೆ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಹೋಯಿತು. ಮೇಲ್ಮನವಿಯನ್ನು ಮತ್ತೊಮ್ಮೆ ಆಲಿಸಬೇಕೆಂದು ಅದು ಮದ್ರಾಸಿಗೆ ಹಿಂತಿರುಗಿಸಿತು. 1947ರ ಏಪ್ರಿಲಿನಲ್ಲಿ ನ್ಯಾಯಮೂರ್ತಿಗಳಾದ ಹ್ಯಾಪೆಲ್ ಮತ್ತು ಶಹಾಬುದ್ದೀನ್ ಅವರು ಇಬ್ಬರನ್ನೂ ನಿರ್ದೋಷಿಗಳೆಂದು ಬಿಡುಗಡೆ ಮಾಡಿದರು. ಅಷ್ಟರಲ್ಲಿ ಅವರು ಸುಮಾರು ಎರಡೂವರೆ ವರ್ಷಗಳನ್ನು ಸೆರೆಯಲ್ಲಿ ಕಳೆದಿದ್ದರು.

ನ್ಯಾಯಾಲಯ ಶಿಕ್ಷೆಯನ್ನು ರದ್ದುಪಡಿಸಬಲ್ಲುದು. ಜನರ ಮನಸ್ಸಿನಲ್ಲಿ ಮೂಡಿದ ಚಿತ್ರವನ್ನು ರದ್ದುಪಡಿಸುವ ಅಧಿಕಾರ ಯಾವ ನ್ಯಾಯಾಲಯಕ್ಕೂ ಇಲ್ಲ. ಬಿಡುಗಡೆಯ ನಂತರ ಭಾಗವತರು ನಟಿಸಿದ ‘ರಾಜಮುಕ್ತಿ’ (1948), ‘ಅಮರಕವಿ’ (1952) ಮುಂತಾದ ಚಿತ್ರಗಳು ಸೋತವು. ಮಧುಮೇಹದಿಂದ ಆರೋಗ್ಯ ಕೆಟ್ಟು, 1959ರ ನವೆಂಬರ್ 1ರಂದು, ಐವತ್ತು ತುಂಬುವ ಮೊದಲೇ ಅವರು ತೀರಿಕೊಂಡರು. ಇತಿಹಾಸದ ವಿದ್ಯಾರ್ಥಿಯಾಗಿ ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಎಲ್ಲಕ್ಕೂ ಗಾಳಿಸುದ್ದಿಯೇ ಕಾರಣವೆನ್ನುವುದು ಸರಿಯಲ್ಲ. ಕಾಲ ಬದಲಾಗಿತ್ತು, ಹಾಡಿನ ಚಿತ್ರಗಳ ಜಾಗವನ್ನು ಮಾತಿನ ಚಿತ್ರಗಳು ಆಕ್ರಮಿಸುತ್ತಿದ್ದವು. ಕೃಷ್ಣನ್ ಅವರಾದರೋ ‘ನಲ್ಲ ತಂಬಿ’ (1949)ಯಂಥ ಚಿತ್ರಗಳಿಂದ ಮತ್ತೆ ಜನರ ನಡುವೆ ಬಂದರು, 1951ರಲ್ಲಿ ‘ಮಣಮಗಳ್’ ಚಿತ್ರವನ್ನು ನಿರ್ದೇಶಿಸಿದರು, 1957ರಲ್ಲಿ ತೀರಿಕೊಳ್ಳುವವರೆಗೂ ಪ್ರೀತಿಪಾತ್ರರಾಗಿಯೇ ಉಳಿದರು. ಒಂದೇ ಆರೋಪ, ಒಂದೇ ಸೆರೆಮನೆ, ಒಂದೇ ತೀರ್ಪು. ಆದರೂ ಫಲ ಬೇರೆ. ನನ್ನ ಊಹೆ ಇಷ್ಟು: ನಗಿಸುವವನನ್ನು ನಾವು ಮನುಷ್ಯನೆಂದೇ ಸ್ವೀಕರಿಸಿರುತ್ತೇವೆ, ಅವನ ಮೈಗೆ ಕೆಸರು ಅಂಟಿದರೂ ನಮ್ಮವನೇ. ದೇವರ ಪಕ್ಕದಲ್ಲಿ ಕೂರಿಸಿದವನ ಮೇಲೆ ಒಂದು ಹನಿ ಬಿದ್ದರೂ ನಾವು ಅದನ್ನು ಮರೆಯುವುದಿಲ್ಲ.

ಓದುಗ ಮಿತ್ರರೇ, ಇಷ್ಟು ಹೊತ್ತು ನಾನು ಭಾಗವತರನ್ನು ‘ಅವರು’ ಎಂದೂ ಲಕ್ಷ್ಮೀಕಾಂತನನ್ನು ‘ಅವನು’ ಎಂದೂ ಬರೆಯುತ್ತಾ ಬಂದದ್ದನ್ನು ಗಮನಿಸಿದಿರಾ? ಮೊದಲ ಕರಡನ್ನು ಓದುವಾಗ ನನಗೇ ಇದು ಥಟ್ಟನೆ ಕಣ್ಣಿಗೆ ಬಿತ್ತು. ತಿದ್ದಲು ಹೋಗಿ, ಬೇಡ, ಹಾಗೆಯೇ ಇರಲಿ ಎಂದು ಬಿಟ್ಟೆ. ಕೊಲೆಯಾದವರು ಯಾರು? ಲಕ್ಷ್ಮೀಕಾಂತನ್. ಕೊಂದವರು ಯಾರೆಂಬುದು ಇಂದಿಗೂ ಸಿದ್ಧವಾಗಿಲ್ಲ. ನಡುಬೀದಿಯಲ್ಲಿ ಇರಿತಕ್ಕೊಳಗಾಗಿ ಸತ್ತ ಒಬ್ಬ ಮನುಷ್ಯನಿಗೆ ನ್ಯಾಯ ದೊರೆಯಲೇ ಇಲ್ಲ. ಆದರೂ ಈ ಮೊಕದ್ದಮೆಯ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಮರುಗುವುದು ಭಾಗವತರ ಕಳೆದುಹೋದ ವೈಭವಕ್ಕೆ. ಪರರ ಮಾನವನ್ನು ಮಾರಿ ಬದುಕಿದ ಪತ್ರಕರ್ತರ ಮಾನವನ್ನು ಅವರ ಸಾವಿನ ನಂತರ ನಾವೆಲ್ಲ ಸೇರಿ ಹರಾಜು ಹಾಕಿದೆವು. ಅವರು ಬಳಸಿದ ಅಸ್ತ್ರ ಅವರಿಗೇ ತಿರುಗಿತೆಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಆ ಅಸ್ತ್ರ ಈಗ ನಮ್ಮ ಕೈಯಲ್ಲಿದೆಯೆಂಬುದನ್ನು ಮರೆಯಬಾರದು.

ಗಾಳಿಸುದ್ದಿಯ ಕನ್ನಡಕ ಆರೋಪಿಯನ್ನು ಯಾವಾಗಲೂ ಕೆಟ್ಟವನನ್ನಾಗಿಯೇ ತೋರಿಸುತ್ತದೆ ಎನ್ನುವಂತೆಯೂ ಇಲ್ಲ. ಇದಕ್ಕೆ ತದ್ವಿರುದ್ಧವಾದದ್ದು ಹದಿನೈದು ವರ್ಷಗಳ ನಂತರ ಮುಂಬಯಿಯಲ್ಲಿ ನಡೆಯಿತು. 1959ರ ಏಪ್ರಿಲ್ 27ರಂದು ನೌಕಾಪಡೆಯ ಅಧಿಕಾರಿ ಕೆ.ಎಂ. ನಾನಾವತಿ ತನ್ನ ಪತ್ನಿಯ ಸ್ನೇಹಿತನಾಗಿದ್ದ ಪ್ರೇಮ್ ಅಹುಜಾ ಎಂಬವರನ್ನು ಗುಂಡಿಕ್ಕಿ ಕೊಂದು, ತಾನೇ ಹೋಗಿ ಪೊಲೀಸರಿಗೆ ಶರಣಾದರು. ಆರ್.ಕೆ. ಕರಂಜಿಯಾ ಅವರ ‘ಬ್ಲಿಟ್ಜ್’ ವಾರಪತ್ರಿಕೆ ನಾನಾವತಿಯವರನ್ನು ಮಾನಧನನಾದ ವೀರನಂತೆಯೂ ಅಹುಜಾ ಅವರನ್ನು ಸ್ತ್ರೀಲೋಲ ಶ್ರೀಮಂತನಂತೆಯೂ ವಾರವಾರ ಚಿತ್ರಿಸಿತು. ಅಲ್ಲಿಯೂ ಜ್ಯೂರಿಯಲ್ಲಿ ಒಂಬತ್ತು ಮಂದಿ. ಎಂಟಕ್ಕೆ ಒಂದರ ಬಹುಮತದಿಂದ ಅವರು ನಿರ್ದೋಷಿಯೆಂದರು. ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳುಹಿಸಿದರು. 1960ರಲ್ಲಿ ಹೈಕೋರ್ಟು ಜೀವಾವಧಿ ಶಿಕ್ಷೆ ವಿಧಿಸಿತು, 1961ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಕೊನೆಗೆ ರಾಜ್ಯಪಾಲರ ಕ್ಷಮಾದಾನದಿಂದ ನಾನಾವತಿ ಹೊರಬಂದರು. ಮದ್ರಾಸಿನಲ್ಲಿ ಪತ್ರಿಕೆ ಕಟ್ಟಿದ ಚಿತ್ರ ಆರೋಪಿಗಳಿಗೆ ಮುಳುವಾಯಿತು. ಮುಂಬಯಿಯಲ್ಲಿ ಅದೇ ರಕ್ಷೆಯಾಯಿತು. ಎರಡೂ ಕಡೆ ಸತ್ತವರ ಪರವಾಗಿ ಮಾತನಾಡುವವರು ಕಡಿಮೆ. 1973ರ ಹೊಸ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಸ್ಥಾನವೇ ಉಳಿಯಲಿಲ್ಲ.

ಕೋರ್ಟಿನಿಂದ ಜ್ಯೂರಿ ಹೊರಟುಹೋಯಿತು, ನಿಜ. ಆದರೆ ಅದು ನಮ್ಮ ಪಡಸಾಲೆಗಳಲ್ಲಿ ಬಂದು ಕುಳಿತಿತು. 2020ರಲ್ಲಿ ಮುಂಬಯಿಯ ಯುವನಟನೊಬ್ಬನ ಅಕಾಲಿಕ ಮರಣದ ನಂತರ, ಅವನ ಗೆಳತಿಯಾಗಿದ್ದ ನಟಿಯನ್ನು ಕೆಲವು ದೂರದರ್ಶನ ವಾಹಿನಿಗಳು ತಿಂಗಳುಗಟ್ಟಲೆ ವಿಚಾರಣೆಗೆ ಒಳಪಡಿಸಿದವು. ಮಾಟಗಾತಿ ಎಂಬ ಶಬ್ದವನ್ನು ಕೂಡ ಆ ದಿನಗಳಲ್ಲಿ ಜನ ಸಂಕೋಚವಿಲ್ಲದೆ ಬಳಸಿದರು. ಮಾದಕವಸ್ತುವಿನ ಪ್ರಕರಣದಲ್ಲಿ ಆಕೆ ಸುಮಾರು ಒಂದು ತಿಂಗಳು ಸೆರೆಯಲ್ಲಿದ್ದರು. ಸಾವಿನ ಬಗ್ಗೆ ತನಿಖೆ ನಡೆಸಿದ ಸಿಬಿಐ 2025ರ ಮಾರ್ಚಿನಲ್ಲಿ ಪ್ರಕರಣ ಮುಕ್ತಾಯದ ವರದಿಯನ್ನು ಸಲ್ಲಿಸಿತು. ಆ ವರದಿಯ ಸುದ್ದಿಯನ್ನು ಎಷ್ಟು ಮನೆಗಳಲ್ಲಿ, ಅದೇ ಕುತೂಹಲದಿಂದ, ಊಟದ ತಟ್ಟೆ ಹಿಡಿದು ನೋಡಿದರು?

ಇತರರನ್ನು ದೂರುತ್ತಾ ಲೇಖನ ಮುಗಿಸುವುದು ಸುಲಭ. ಅದಕ್ಕೇ ನನ್ನದೊಂದು ಸಂಗತಿಯನ್ನು ಹೇಳಿಬಿಡುತ್ತೇನೆ. ಎಂಬತ್ತರ ದಶಕದ ಕೊನೆಯಲ್ಲಿ ನಾನಿದ್ದ ಶಾಲೆಯ ಉಪಾಧ್ಯಾಯರ ಕೊಠಡಿಗೆ ಒಂದು ಸಿನಿಮಾ ವಾರಪತ್ರಿಕೆ ಬರುತ್ತಿತ್ತು. ಎಲ್ಲರೂ ಚಂದಾ ಹಾಕುತ್ತಿದ್ದೆವು. ಯಾರಿಗೆ ಯಾರೊಂದಿಗೆ ಸ್ನೇಹ, ಯಾರ ಮನೆ ಮುರಿಯಿತು ಎಂಬುದನ್ನು ಮಧ್ಯಾಹ್ನದ ಬಿಡುವಿನಲ್ಲಿ ಗಟ್ಟಿಯಾಗಿ ಓದಿ ನಗುತ್ತಿದ್ದೆವು. ಆ ವರ್ಷ ವಿಜ್ಞಾನಕ್ಕೆ ಹೊಸ ಉಪಾಧ್ಯಾಯಿನಿಯೊಬ್ಬರು ಬಂದರು. ಹೆಚ್ಚು ಮಾತಿಲ್ಲ, ತಮ್ಮ ಬಗ್ಗೆಯಂತೂ ಒಂದು ಮಾತೂ ಇಲ್ಲ. ಹೇಳಿಕೊಳ್ಳದವರ ಬಗ್ಗೆ ಹೇಳಲು ಊರಿಗೆ ಬೇಕಾದಷ್ಟಿರುತ್ತದೆ. ಸ್ವಲ್ಪ ದಿನಗಳಲ್ಲೇ ಅವರ ಸಂಸಾರದ ಕುರಿತು ಒಂದು ಮಾತು ಹುಟ್ಟಿತು. ಪತ್ರಿಕೆಯಲ್ಲಿ ನಟಿಯರ ಬಗ್ಗೆ ಓದುತ್ತಿದ್ದ ಅದೇ ಶಬ್ದಗಳು, ಅದೇ ಕಣ್ಸನ್ನೆ, ಅದೇ ನಗು. ನಾನು ಆ ಮಾತನ್ನು ಯಾರಿಗೂ ದಾಟಿಸಲಿಲ್ಲವೆಂದು ಬಹುಕಾಲ ಹೆಮ್ಮೆಪಟ್ಟುಕೊಂಡಿದ್ದೆ. ಆದರೆ ಅವರು ಕುಳಿತ ಮೇಜಿನಲ್ಲಿ ಬುತ್ತಿ ಬಿಚ್ಚುವುದನ್ನು ನಿಲ್ಲಿಸಿದವನು ನಾನೇ.

ಆರು ತಿಂಗಳಲ್ಲಿ ಅವರು ವರ್ಗ ಮಾಡಿಸಿಕೊಂಡು ಹೊರಟರು. ಹೊರಡುವ ದಿನ ನನ್ನ ಬಳಿ ಬಂದು, “ಸಾರ್, ನಿಮ್ಮ ಭೂಪಟಗಳನ್ನು ಇಲಿ ಕಡಿಯುತ್ತಿದ್ದವು. ಲ್ಯಾಬಿನ ಬೀರುವಿನಲ್ಲಿ ಸುತ್ತಿ ಇಟ್ಟಿದ್ದೇನೆ, ಬೀಗದ ಕೈ ತಗೊಳ್ಳಿ” ಎಂದು ಹೇಳಿ ಬೀಗದ ಕೈಯನ್ನು ಮೇಜಿನ ಮೇಲಿಟ್ಟರು. ನಾನು ಅವರನ್ನು ಕಾಣುತ್ತಲೂ ಮುಖ ತಿರುಗಿಸುತ್ತಿದ್ದ ಆ ಆರು ತಿಂಗಳಲ್ಲೇ ಅವರು ನನ್ನ ಭೂಪಟಗಳನ್ನು ಕಾಪಾಡಿದ್ದರು. ಅವರ ಬಗ್ಗೆ ಹಬ್ಬಿದ್ದ ಮಾತು ನಿಜವೋ ಸುಳ್ಳೋ ನನಗೆ ಇಂದಿಗೂ ತಿಳಿಯದು. ತಿಳಿಯಬೇಕಾದ ಅಗತ್ಯವೇ ಇರಲಿಲ್ಲವೆಂಬುದು ತಿಳಿಯಲು ಮಾತ್ರ ನನಗೆ ಬಹಳ ವರ್ಷಗಳು ಬೇಕಾದವು.

ಸಿನಿಮಾ ಪತ್ರಿಕೆ ಓದಿದರೆ ತಪ್ಪೇನು, ಅವರೇನು ನಮ್ಮ ನೆಂಟರೇ ಎಂದು ಕೇಳುವವರುಂಟು. ನಟನಟಿಯರಿಗೆ ಅದರಿಂದ ಆಗುವ ಹಾನಿ ಒಂದು ಕಡೆಗಿರಲಿ. ನಾವು ಅವರ ಮೇಲೆ ಅಭ್ಯಾಸ ಮಾಡಿದ ನೋಟವನ್ನು ಮನೆಗೆ ತಂದು ನೆರೆಹೊರೆಯವರ ಮೇಲೆ, ಸಹೋದ್ಯೋಗಿಗಳ ಮೇಲೆ, ಕೆಲವೊಮ್ಮೆ ಮನೆಯ ಸೊಸೆಯ ಮೇಲೂ ಪ್ರಯೋಗಿಸುತ್ತೇವೆ. ಲಕ್ಷ್ಮೀಕಾಂತನ್ ಅವರ ಪತ್ರಿಕೆ ನಿಂತು ಎಂಟು ದಶಕಗಳಾದವು. ಅದರ ಓದುಗರು ಮಾತ್ರ ಇನ್ನೂ ಇದ್ದಾರೆ, ನಾನೂ ಅವರಲ್ಲೊಬ್ಬನಾಗಿದ್ದೆ.

ಮುಂಗುಸಿಯ ಕಥೆ ಬರೆದ ಮಕ್ಕಳಿಗೆ ನಾನು ಹತ್ತಕ್ಕೆ ಏಳೋ ಎಂಟೋ ಅಂಕ ಕೊಟ್ಟು ಮುಂದಿನ ಪತ್ರಿಕೆಗೆ ಹೋಗುತ್ತಿದ್ದೆ. ಆ ತಾಯಿ ಕೊಡ ಎತ್ತುವ ಮೊದಲು ಒಳಗೆ ಹೋಗಿ ನೋಡಲು ಎಷ್ಟು ಹೊತ್ತು ಬೇಕಾಗುತ್ತಿತ್ತು ಎಂದು ಒಬ್ಬ ವಿದ್ಯಾರ್ಥಿಯನ್ನೂ ನಾನು ಕೇಳಲಿಲ್ಲ. ಹತ್ತು ಹೆಜ್ಜೆ ಇದ್ದೀತು.